ಗುರುತ್ವ ಮಾಯವಾದರೆ ಮೊದಲು ಏಳುವುದು ನೆಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕಳೆದ ಭಾನುವಾರದ ಮಕ್ಕಳ ವಿಜ್ಞಾನ ಪುಟದಲ್ಲಿ ‘ಭೂಮಿಯ ಗುರುತ್ವಾಕರ್ಷಣೆ ಇದ್ದಕ್ಕಿದ್ದಂತೆ ಇಲ್ಲವಾದರೆ ಏನಾಗುತ್ತದೆ?’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ನೋಡಿದೆವು. ಭೂಮಿ ಗಂಟೆಗೆ 1,600 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ, ಹಾಗಾಗಿ ಜನ, ವಾಹನ, ನೀರು ಎಲ್ಲವೂ ಆ ಕ್ಷಣವೇ ಅದೇ ವೇಗದಲ್ಲಿ ಆಕಾಶಕ್ಕೆ ಚಿಮ್ಮುತ್ತವೆ, ಚಂದ್ರ ಸೌರಮಂಡಲದಿಂದಲೇ ಆಚೆ ಹೋಗುತ್ತಾನೆ ಎಂದು ಅದರಲ್ಲಿತ್ತು. ಎರಡೂ ಸರಿಯಲ್ಲ. ಅದಕ್ಕಿಂತ ದೊಡ್ಡ ಲೋಪವೆಂದರೆ, ನಿಜವಾದ ಅಪಾಯ ಎಲ್ಲಿದೆಯೋ ಅದರ ಮಾತೇ ಉತ್ತರದಲ್ಲಿಲ್ಲ. ಗುರುತ್ವ ಹೋದರೂ, ಇಷ್ಟು ಕಾಲ ಅದು ಹುಟ್ಟಿಸಿಟ್ಟಿದ್ದ ಒತ್ತಡ ಅದರ ಜೊತೆಗೇ ಹೋಗುವುದಿಲ್ಲ. ಬಸ್ಸಿನ ಸ್ಪ್ರಿಂಗಿನಲ್ಲಿ, ಗಾಳಿಯಲ್ಲಿ, ನೆಲದಡಿಯ ಬಂಡೆಯಲ್ಲಿ ಅದು ಹಾಗೇ ಉಳಿದಿರುತ್ತದೆ. ಮುಂದೆ ಆಗುವುದೆಲ್ಲ ಅದರ ದೆಸೆಯಿಂದ. ಹೈಸ್ಕೂಲು ಮಕ್ಕಳು ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ ಎಂಬ ಕಾರಣಕ್ಕೆ ಲೆಕ್ಕ ಸಮೇತ ಬರೆಯುತ್ತಿದ್ದೇವೆ.

ಮೊದಲು ಆ 1,600ರ ವಿಷಯ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿನ ನೆಲ ಪೂರ್ವಕ್ಕೆ ಸೆಕೆಂಡಿಗೆ 453 ಮೀಟರ್, ಅಂದರೆ ಗಂಟೆಗೆ 1,630 ಕಿ.ಮೀ. ವೇಗದಲ್ಲಿ ಓಡುತ್ತಿರುವುದು ನಿಜ. ಆದರೆ ವಿಧಾನಸೌಧ, ಕಬ್ಬನ್ ಪಾರ್ಕಿನ ಮರ, ಅಲ್ಲಿನ ಗಾಳಿ, ಬೆಂಚಿನ ಮೇಲೆ ಕೂತವರು, ಎಲ್ಲರಿಗೂ ಅದೇ ವೇಗ, ಅದೇ ದಿಕ್ಕು. ಗುರುತ್ವ ಹೋದಾಗ ಈ ವೇಗ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಬದಲಾಗುವುದು ದಾರಿ ಮಾತ್ರ. ವೃತ್ತದಲ್ಲಿ ಸುತ್ತುತ್ತಿದ್ದವರು ನೇರ ಗೆರೆಯಲ್ಲಿ ಹೋಗತೊಡಗುತ್ತಾರೆ, ನೆಲ ಮಾತ್ರ ಬಾಗುತ್ತಾ ಕೆಳಗೆ ಸರಿಯುತ್ತದೆ.

ಆ ಸರಿಯುವಿಕೆ ಎಷ್ಟು? ಬೆಂಗಳೂರಿನಲ್ಲಿ ಗುರುತ್ವದ ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 9.78 ಮೀಟರ್. ನಮ್ಮನ್ನು ಭೂಮಿಯ ಜೊತೆ ಸುತ್ತಿಸಲು ಬೇಕಾದದ್ದು ಬರೀ 3.3 ಸೆಂಟಿಮೀಟರ್, ಅಂದರೆ ಸುಮಾರು ಮುನ್ನೂರರಲ್ಲಿ ಒಂದು ಪಾಲು. ಹಾಗಾಗಿ ಮೊದಲ ಸೆಕೆಂಡಿನಲ್ಲಿ ನೆಲಕ್ಕೂ ಪಾದಕ್ಕೂ ನಡುವೆ ಬರುವ ಅಂತರ 1.6 ಸೆಂ.ಮೀ. ಹತ್ತು ಸೆಕೆಂಡಿಗೆ 1.6 ಮೀಟರ್, ಒಂದು ನಿಮಿಷಕ್ಕೆ 58 ಮೀಟರ್. ತಡೆಯಿಲ್ಲದೆ ಹೀಗೇ ಹೋದರೆ ಒಂದು ಗಂಟೆಗೆ 200 ಕಿ.ಮೀ. ಎತ್ತರ. ಹತ್ತಡಿ ಎತ್ತರದ ಕೋಣೆಯಲ್ಲಿ 1.7 ಮೀಟರ್ ಎತ್ತರದ ವ್ಯಕ್ತಿಯ ತಲೆ ಚಾವಣಿಗೆ ತಾಗಲು ಸುಮಾರು 9 ಸೆಕೆಂಡು ಬೇಕು, ತಾಗುವ ವೇಗ ಗಂಟೆಗೆ ಒಂದು ಕಿ.ಮೀ. ಅಷ್ಟೆ. ಅದೂ ನೇರ ಮೇಲಕ್ಕಲ್ಲ. ಭೂಮಿ ಸುತ್ತುವ ಅಕ್ಷಕ್ಕೆ ಲಂಬವಾಗಿ ದೂರ ಸರಿಯುವುದರಿಂದ, ನಮ್ಮ ಅಕ್ಷಾಂಶದಲ್ಲಿ ನಿಂತ ಜಾಗದಿಂದ ಒಂದಡಿ ದಕ್ಷಿಣಕ್ಕೆ ಹೋಗಿ ತಾಗುತ್ತಾರೆ.

ಈ ಲೆಕ್ಕದಲ್ಲಿ ನೆಲ ಅಲ್ಲಾಡದೆ ನಿಂತಿದೆ, ನೆಲದ ಮೇಲಿರುವುದಕ್ಕೆ ಮಾತ್ರ ಗುರುತ್ವ ತಪ್ಪಿದೆ ಎಂದುಕೊಂಡಿದ್ದೇವೆ. ಹೆಚ್ಚಿನವರು ಗೊತ್ತಿಲ್ಲದೆಯೇ ಊಹಿಸಿಕೊಳ್ಳುವುದು ಇದನ್ನೇ. ಇರಲಿ, ಸದ್ಯಕ್ಕೆ ಇದನ್ನೇ ಹಿಡಿದು ನೋಡೋಣ.

ನಿಂತ ಮನುಷ್ಯನ ಕಾಲಿನ ಸ್ನಾಯುಗಳು ಅವನ ತೂಕದಷ್ಟೇ ಬಲದಿಂದ ನೆಲವನ್ನು ಒತ್ತುತ್ತಿರುತ್ತವೆ. ತೂಕ ಹೋದ ಸುದ್ದಿ ಸ್ನಾಯುವಿಗೆ ತಕ್ಷಣ ತಿಳಿಯುವುದಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗ ಒತ್ತಿದರೂ ಸೆಕೆಂಡಿಗೆ ಒಂದು ಮೀಟರ್ ವೇಗ ಬಂದುಬಿಡುತ್ತದೆ. ಆಗ ಚಾವಣಿ ಮುಟ್ಟಲು ಒಂಬತ್ತು ಸೆಕೆಂಡು ಬೇಡ, ಒಂದೂವರೆ ಸೆಕೆಂಡು ಸಾಕು. ಕೂತವರಿಗಿಂತ ನಿಂತವರಿಗೆ ಪೆಟ್ಟು ಹೆಚ್ಚು.

ಬಸ್ಸಿನದ್ದೂ ಇದೇ ಕಥೆ. ಮೈಭಾರಕ್ಕೆ ಸ್ಪ್ರಿಂಗುಗಳು 10 ಸೆಂ.ಮೀ. ಕುಗ್ಗಿದ್ದರೆ, ಭಾರ ಹೋದ ಕೂಡಲೇ ಅವು ಬಸ್ಸಿನ ಮೈಯನ್ನು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಮೇಲಕ್ಕೆ ತಳ್ಳುತ್ತವೆ. ಕುಗ್ಗಿದ ಉದ್ದವನ್ನು 9.78ರಿಂದ ಗುಣಿಸಿ ವರ್ಗಮೂಲ ತೆಗೆದರೆ ಈ ವೇಗ ಸಿಗುತ್ತದೆ, ಮಕ್ಕಳೇ ಮಾಡಿ ನೋಡಬಹುದು. ಶಾಕ್ ಅಬ್ಸಾರ್ಬರ್ ಸ್ವಲ್ಪ ತಡೆದೀತು. ಚಲಿಸುತ್ತಿದ್ದ ಬಸ್ಸಿಗೆ ಇನ್ನೊಂದು ಕಷ್ಟ: ಚಕ್ರ ನೆಲವನ್ನು ಒತ್ತದಿದ್ದರೆ ಘರ್ಷಣೆ ಇಲ್ಲ, ಘರ್ಷಣೆ ಇಲ್ಲದಿದ್ದರೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಹೊರವರ್ತುಲ ರಸ್ತೆಯಲ್ಲಿ 50 ಕಿ.ಮೀ. ವೇಗದಲ್ಲಿದ್ದ ವಾಹನ ತಿರುವು ಬಂದರೂ ಅದೇ 50ರಲ್ಲಿ ನೇರ ಹೋಗುತ್ತದೆ.

ಮೆಟ್ರೊದ ಎತ್ತರದ ಮಾರ್ಗವನ್ನು ಗಮನಿಸಿ. ಅಂಥ ಕಾಂಕ್ರೀಟ್ ಗರ್ಡರುಗಳ ಒಳಗೆ, ಮುಖ್ಯವಾಗಿ ತಳಭಾಗದಲ್ಲಿ, ಉಕ್ಕಿನ ಕೇಬಲ್ಲುಗಳನ್ನು ಜಗ್ಗಿ ಬಿಗಿದಿರುತ್ತಾರೆ. ಗರ್ಡರಿನ ಸ್ವಂತ ಭಾರ ಅದನ್ನು ಕೆಳಕ್ಕೆ ಬಗ್ಗಿಸುತ್ತದೆ, ಕೇಬಲ್ಲು ಮೇಲಕ್ಕೆ ಬಗ್ಗಿಸುತ್ತದೆ, ಎರಡೂ ಸರಿದೂಗಲಿ ಎಂದೇ ಎಂಜಿನಿಯರುಗಳ ಲೆಕ್ಕ. ಭಾರ ಹೋದರೆ ಕೇಬಲ್ಲಿನ ಎಳೆತ ಮಾತ್ರ ಉಳಿಯುತ್ತದೆ. ಗರ್ಡರು ನಡುವೆ ಉಬ್ಬುತ್ತದೆ, ಅದರ ಮೇಲ್ಮೈ ಎಳೆತಕ್ಕೆ ಸಿಗುತ್ತದೆ. ಕಾಂಕ್ರೀಟು ಒತ್ತಿದರೆ ತಡೆಯುತ್ತದೆ, ಎಳೆದರೆ ಸೀಳುತ್ತದೆ. ಕಂಬದ ಮೇಲಿನ ಬೇರಿಂಗಿನ ಮೇಲೆ ಇಂಥ ಗರ್ಡರು ಕೂತಿರುವುದೂ ಬಹುತೇಕ ತನ್ನ ತೂಕದಿಂದಲೇ.

ಇನ್ನು ಗಾಳಿ. ಬೆಂಗಳೂರಿನ ಪ್ರತಿ ಚದರ ಮೀಟರ್ ನೆಲದ ಮೇಲೆ ಸುಮಾರು 9,300 ಕಿಲೊ ಗಾಳಿ ನಿಂತಿದೆ, ಅದರ ಒತ್ತಡ ಸುಮಾರು 910 ಮಿಲಿಬಾರ್. ಗುರುತ್ವ ಹೋದ ಕೂಡಲೇ ಗಾಳಿಯೆಲ್ಲ ಬಾಹ್ಯಾಕಾಶಕ್ಕೆ ಹೀರಿಹೋಗುತ್ತದೆ ಎಂದು ಬರೆಯುವುದು ರೂಢಿ. ಹೀರುವವರು ಯಾರೂ ಇಲ್ಲ. ಕೆಳಗಿನ ಹೆಚ್ಚು ಒತ್ತಡದ ಗಾಳಿ ಮೇಲಿನ ಕಡಿಮೆ ಒತ್ತಡದ ಗಾಳಿಯನ್ನು ತಳ್ಳುತ್ತಲೇ ಇತ್ತು, ಅದನ್ನು ತಡೆದಿದ್ದು ತೂಕ. ತೂಕ ಹೋದಾಗ ಪ್ರತಿ ಪದರವೂ ಸರಿಯಾಗಿ 9.78ರ ವೇಗೋತ್ಕರ್ಷದಲ್ಲೇ ಮೇಲಕ್ಕೆ ಹೊರಡುತ್ತದೆ. ನೆಲಕ್ಕೆ ಅಂಟಿದ ಗಾಳಿ ಮಾತ್ರ ಹೊರಡಲಾರದು, ಹೊರಟರೆ ಅದರ ಕೆಳಗೆ ನಿರ್ವಾತ ಉಳಿಯಬೇಕಾಗುತ್ತದೆ. ಹಾಗಾಗಿ ನೆಲದಿಂದ ಒಂದು ತೆಳುವಾಗುವ ಅಲೆ ಶಬ್ದದ ವೇಗದಲ್ಲಿ, ಸೆಕೆಂಡಿಗೆ ಸುಮಾರು 345 ಮೀಟರಿನಂತೆ, ಮೇಲಕ್ಕೆ ಏರುತ್ತದೆ. ಅಲೆ ದಾಟಿದ ಜಾಗದಲ್ಲಿ ಗಾಳಿಯ ವೇಗ ಮತ್ತೆ ಅಷ್ಟಾಗಿ ಹೆಚ್ಚುವುದಿಲ್ಲ. ಇದರ ಫಲ ವಿಚಿತ್ರ: ಆಳೆತ್ತರದಲ್ಲಿ ಗಾಳಿ ಬೀಸಿದ್ದೇ ತಿಳಿಯದು, ನೂರು ಮೀಟರ್ ಎತ್ತರದ ಕಟ್ಟಡದ ತುದಿಯಲ್ಲಿ ಮೇಲ್ಮುಖವಾಗಿ ಗಂಟೆಗೆ 10 ಕಿ.ಮೀ., ಒಂದು ಕಿಲೊಮೀಟರ್ ಎತ್ತರದಲ್ಲಿ ಮೂರೇ ಸೆಕೆಂಡಿನಲ್ಲಿ ಗಂಟೆಗೆ 100 ಕಿ.ಮೀ.

ನೆಲಮಟ್ಟದಲ್ಲಿ ಅಪಾಯ ಬೇರೆ. ಮೊದಲ ಕೆಲವು ಸೆಕೆಂಡುಗಳಲ್ಲಿ ಒತ್ತಡ ಸೆಕೆಂಡಿಗೆ ಸುಮಾರು 36 ಮಿಲಿಬಾರ್ ಇಳಿಯುತ್ತದೆ. ಹತ್ತು ಸೆಕೆಂಡಿಗೆ 600ರ ಆಸುಪಾಸು, ಅಂದರೆ ಲೇಹ್ ಪಟ್ಟಣಕ್ಕಿಂತ ಎತ್ತರದ ಜಾಗದ ಒತ್ತಡ. ಅರ್ಧ ನಿಮಿಷದೊಳಗೆ ಎವರೆಸ್ಟ್ ತುದಿಯ ಮಟ್ಟಕ್ಕಿಂತ ಕೆಳಗೆ. ಒಂದೆರಡು ನಿಮಿಷದಲ್ಲಿ ಮೈಬಿಸಿಗೇ ನೀರು ಕುದಿಯುವಷ್ಟು ಕಡಿಮೆ. ಇದು ಕಾಗದದ ಮೇಲಿನ ಸ್ಥೂಲ ಲೆಕ್ಕ, ನಿಖರತೆಗೆ ಕಂಪ್ಯೂಟರ್ ಬೇಕು, ಆದರೆ ಅಂದಾಜು ಬಹಳ ಆಚೀಚೆ ಆಗದು. ಹಿಗ್ಗುವ ಗಾಳಿ ತಣ್ಣಗಾಗುತ್ತದೆ: 25 ಡಿಗ್ರಿ ಇದ್ದದ್ದು ಐದು ಸೆಕೆಂಡಿನಲ್ಲಿ ಹತ್ತರ ಕೆಳಗೆ ಇಳಿದು ಊರಿಗೆ ಊರೇ ಮಂಜು ಕವಿಯುತ್ತದೆ, ಹತ್ತು ಸೆಕೆಂಡಿಗೆ ಸೊನ್ನೆಯ ಹತ್ತಿರ. ಬಿಗಿಯಾಗಿ ಮುಚ್ಚಿದ ಗಾಜಿನ ಕಟ್ಟಡಗಳ ಒಳಗಿನ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಮೊದಲ ಸೆಕೆಂಡಿನಲ್ಲೇ ಪ್ರತಿ ಚದರ ಮೀಟರ್ ಗಾಜಿನ ಮೇಲೆ 370 ಕಿಲೊ ಭಾರದಷ್ಟು ಹೊರನೂಕು ಬೀಳುತ್ತದೆ, ಎರಡನೇ ಸೆಕೆಂಡಿಗೆ ಅದರ ಎರಡರಷ್ಟು. ಗಾಜು ಒಡೆಯುವುದು ಹೊರಕ್ಕೆ. ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಚಾವಣಿಯಡಿ ಗವಾಕ್ಷಿ ಇರುವುದರಿಂದ ಒತ್ತಡ ಬೇಗ ಸಮನಾಗುತ್ತದೆ. ಉಸಿರು ಬಿಗಿ ಹಿಡಿದವರ ಶ್ವಾಸಕೋಶಕ್ಕೆ ಹಾನಿ ಹೆಚ್ಚು, ಬಾಯಿ ತೆರೆದು ಬಿಟ್ಟುಬಿಡುವುದೇ ಕ್ಷೇಮ.

ಇಲ್ಲಿಯವರೆಗೂ ನೆಲ ಗಟ್ಟಿಯಾಗಿ ನಿಂತಿದೆ ಎಂದುಕೊಂಡೆವು. ಆದರೆ ಮಗು ಕೇಳಿದ್ದು ಅದಲ್ಲ, ಭೂಮಿಯ ಗುರುತ್ವವೇ ಹೋದರೆ ಎಂದು. ಆಗ ನೆಲಕ್ಕೂ ಗುರುತ್ವ ಇಲ್ಲ. ಉತ್ತರ ಪೂರ್ತಿ ತಿರುಗುವುದು ಇಲ್ಲೇ.

ಲಾಲ್‌ಬಾಗಿನ ಬಂಡೆಯನ್ನೇ ತೆಗೆದುಕೊಳ್ಳಿ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಅದರ ಕೆಳಗೆ ಒಂದು ಕಿಲೊಮೀಟರ್ ಆಳದಲ್ಲಿ ಒಂದು ಮೀಟರ್ ಉದ್ದ, ಅಗಲ, ದಪ್ಪದ ಒಂದು ತುಂಡನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ತೂಕ ಸುಮಾರು 2,700 ಕಿಲೊ. ಮೇಲಿನ ಬಂಡೆ ಅದನ್ನು ಕೆಳಕ್ಕೆ ಒತ್ತುತ್ತಿದೆ, ಕೆಳಗಿನ ಬಂಡೆ ಮೇಲಕ್ಕೆ ಒತ್ತುತ್ತಿದೆ. ಕೆಳಗಿನ ಒತ್ತು ಮೇಲಿನದಕ್ಕಿಂತ ಸರಿಯಾಗಿ 2,700 ಕಿಲೊ ಹೆಚ್ಚು. ಆ ಹೆಚ್ಚುವರಿಯೇ ತುಂಡಿನ ಭಾರವನ್ನು ಹೊತ್ತಿರುವುದು. ಈಗ ಭಾರ ಮಾಯ. ಹೆಚ್ಚುವರಿ ಒತ್ತು ಮಾತ್ರ ಹಾಗೇ ಇದೆ. 2,700 ಕಿಲೊ ಭಾರದಷ್ಟು ಬಲ 2,700 ಕಿಲೊ ದ್ರವ್ಯರಾಶಿಯ ಮೇಲೆ ಬಿದ್ದರೆ ಬರುವ ವೇಗೋತ್ಕರ್ಷ 9.78, ದಿಕ್ಕು ಮೇಲಕ್ಕೆ. ಅದರ ಕೆಳಗಿನ ತುಂಡಿಗೂ ಹೀಗೇ, ಮೇಲಿನದಕ್ಕೂ ಹೀಗೇ, ಅದರ ಮೇಲೆ ನಿಂತವರಿಗೂ, ಅವರ ಸುತ್ತಲಿನ ಗಾಳಿಗೂ ಹೀಗೇ. ಆಳದಲ್ಲಿ ಸುಮಾರು 2,900 ಕಿ.ಮೀ. ತನಕ ಗುರುತ್ವ ಹೆಚ್ಚುಕಡಿಮೆ ಇಷ್ಟೇ ಇರುವುದರಿಂದ ಇಡೀ ಹೊರಪದರ ಒಂದೇ ಸಮನೆ ಏಳುತ್ತದೆ.

ಅಂದರೆ ಮೊದಲ ಹತ್ತು ಸೆಕೆಂಡು ಯಾರೂ ತೇಲುವುದಿಲ್ಲ. ನೆಲವೇ ನಮ್ಮನ್ನು ಹೊತ್ತು ಮೇಲೇರುತ್ತಿರುವುದರಿಂದ ಪಾದದಡಿ ಅದೇ ಒತ್ತು. ಕೆ.ಆರ್. ಮಾರುಕಟ್ಟೆಯ ತಕ್ಕಡಿಯಲ್ಲಿ ಒಂದು ಕಿಲೊ ಟೊಮೆಟೊ ಒಂದೇ ಕಿಲೊ ತೂಗುತ್ತದೆ. ಒಂದು ಮೀಟರ್ ಉದ್ದದ ಲೋಲಕ ಎಂದಿನಂತೆ 2.01 ಸೆಕೆಂಡಿಗೆ ಒಮ್ಮೆ ಹೋಗಿ ಬರುತ್ತದೆ. ಗಾಳಿಯೂ ನೆಲದ ಜೊತೆಗೇ ಏರುವುದರಿಂದ ಒತ್ತಡ ಇಳಿಯದು, ಮಂಜೂ ಇಲ್ಲ, ಗಾಜೂ ಒಡೆಯದು. ವ್ಯತ್ಯಾಸ ತೋರಿಸುವುದು ಉಪಗ್ರಹದಿಂದ ಎತ್ತರ ಓದುವ ಜಿಪಿಎಸ್, ನಾವಿಕ್ ಸಾಧನಗಳು ಮಾತ್ರ: ಒಂದು ಸೆಕೆಂಡಿಗೆ 5 ಮೀಟರ್ ಏರಿಕೆ, ಹತ್ತು ಸೆಕೆಂಡಿಗೆ 490 ಮೀಟರ್.

ಇದು ಬಹಳ ಹೊತ್ತು ನಡೆಯುವುದಿಲ್ಲ. ಭೂಮಿ ಗೋಲ, ತ್ರಿಜ್ಯ ಹೆಚ್ಚಿದರೆ ಸುತ್ತಳತೆಯೂ ಹೆಚ್ಚಬೇಕು. ಹತ್ತು ಸೆಕೆಂಡಿನಲ್ಲಿ 40,000 ಕಿ.ಮೀ. ಸುತ್ತಳತೆಗೆ 3 ಕಿ.ಮೀ. ಸೇರುತ್ತದೆ. ಬಂಡೆ ರಬ್ಬರಲ್ಲ, ಹತ್ತು ಸಾವಿರದಲ್ಲಿ ಒಂದೆರಡು ಭಾಗ ಹಿಗ್ಗಿಸಿದರೆ ಸೀಳುತ್ತದೆ. ಆ ಮಿತಿ ಬರುವುದು ಸುಮಾರು ಹನ್ನೊಂದರಿಂದ ಹದಿನಾರನೇ ಸೆಕೆಂಡಿನೊಳಗೆ. ಮೊದಲೇ ಬಿರುಕಿರುವ ಕಡೆ ಇನ್ನೂ ಬೇಗ. ಆಗ ನೆಲ ಸೆಕೆಂಡಿಗೆ ನೂರರಿಂದ ನೂರೈವತ್ತು ಮೀಟರ್ ವೇಗದಲ್ಲಿ ಮೇಲೇರುತ್ತಿರುತ್ತದೆ. ಬಿರುಕು ಬಿಟ್ಟ ಮೇಲೆ ಮೇಲ್ಪದರದ ಒತ್ತಡ ಸಡಿಲುತ್ತದೆ, ತಳ್ಳುವ ಬಲ ಕುಗ್ಗುತ್ತದೆ, ತೇಲುವ ಅನುಭವ ಬರುವುದು ಆಮೇಲೆ.

ಒತ್ತಡ ತುಂಬಿಕೊಂಡ ಬಂಡೆ ಏನು ಮಾಡಬಲ್ಲದು ಎಂಬುದನ್ನು ಈ ನಾಡಿನಲ್ಲಿ ಕೋಲಾರ ಚಿನ್ನದ ಗಣಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಮೇಲಿನ ಬಂಡೆಯ ಭಾರದಿಂದಲೇ ವಾಯುಮಂಡಲದ ಎಂಟುನೂರು ಪಟ್ಟು ಒತ್ತಡ. ಸುರಂಗ ತೋಡಿ ಒಂದು ಬದಿಯ ಆಸರೆ ತೆಗೆದರೆ ಸಾಕು, ಗೋಡೆಯ ಬಂಡೆ ಸಿಡಿದು ಒಳಕ್ಕೆ ನುಗ್ಗುತ್ತಿತ್ತು. ಗಣಿಯವರು ಅದನ್ನು ರಾಕ್ ಬರ್ಸ್ಟ್ ಎನ್ನುತ್ತಿದ್ದರು. ಅದರಿಂದ ಜೀವಗಳು ಹೋಗಿವೆ, ನೆಲದ ಮೇಲಿನ ಮನೆಗಳೂ ನಡುಗಿವೆ. 2001ರಲ್ಲಿ ಗಣಿ ಮುಚ್ಚಿತು. ಮೂರು ಕಿಲೊಮೀಟರ್ ಆಳದ ಒಂದು ಗೋಡೆಯ ಕಥೆ ಅದಾದರೆ, ಭೂಮಿಯ ಕೇಂದ್ರದಲ್ಲಿ ವಾಯುಮಂಡಲದ ಸುಮಾರು 36 ಲಕ್ಷ ಪಟ್ಟು ಒತ್ತಡವಿದೆ. ಭೂಮಿಯ ತೊಗಟೆಗೂ ಗರ್ಭಕ್ಕೂ ನಡುವಿನ ಪದರವಾದ ಮ್ಯಾಂಟಲ್‌ನ ಬಿಸಿ ಬಂಡೆ ಕರಗದೆ ಗಟ್ಟಿಯಾಗಿರುವುದೂ ಒತ್ತಡದಿಂದಲೇ, ಒತ್ತಡ ಸಡಿಲಿದ ಕಡೆ ಅದು ಕರಗುತ್ತದೆ. ಭೂಕಂಪದ ಅಲೆ ಭೂಮಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯಲು ಸುಮಾರು 20 ನಿಮಿಷ ಬೇಕು, ಕೇಂದ್ರದಿಂದ ಮೇಲ್ಮೈಗೆ ಹತ್ತು. ಒಳಗಿನ ಬದಲಾವಣೆ ಹೊರಗೆ ತಲುಪುವುದು ಆ ಹೊತ್ತಿಗೆ. ಅಷ್ಟರಲ್ಲಿ ಹೊರಪದರ ಚೂರುಚೂರಾಗಿ ದೂರ ಸರಿದಿರುತ್ತದೆ, ಮತ್ತೆ ಒಟ್ಟಿಗೆ ಎಳೆಯುವ ಬಲ ಯಾವುದೂ ಇರುವುದಿಲ್ಲ.

ಚಂದ್ರನ ವಿಷಯ ಚಿಕ್ಕದು. ಗುರುತ್ವದಲ್ಲಾದ ಬದಲಾವಣೆ ಬೆಳಕಿನ ವೇಗದಲ್ಲಿ ಹರಡುತ್ತದೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದ ಬಂದ ಗುರುತ್ವ ಅಲೆಯೂ ಗಾಮಾ ಕಿರಣವೂ ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರ ಸಾಗಿ ಎರಡೇ ಸೆಕೆಂಡಿನೊಳಗಿನ ಅಂತರದಲ್ಲಿ ತಲುಪಿದಾಗ ಇದು ಖಚಿತವಾಯಿತು. ಚಂದ್ರನಿಗೆ ಸುದ್ದಿ ಮುಟ್ಟಲು 1.3 ಸೆಕೆಂಡು. ಆಮೇಲೆ ಅವನು ಸೆಕೆಂಡಿಗೆ ಒಂದು ಕಿ.ಮೀ. ವೇಗದಲ್ಲಿ ಭೂಮಿಯಿಂದ ನೇರ ದೂರ ಸರಿಯುತ್ತಾನೆ. ಆದರೆ ಸೌರಮಂಡಲ ಬಿಡುವುದಿಲ್ಲ. ಚಂದ್ರನ ಮೇಲೆ ಸೂರ್ಯನ ಸೆಳೆತ ಭೂಮಿಯ ಸೆಳೆತದ ಎರಡು ಪಟ್ಟಿಗಿಂತ ಹೆಚ್ಚು, ಸೂರ್ಯನ ಸುತ್ತ ಅವನ ಓಟ ಸೆಕೆಂಡಿಗೆ ಸುಮಾರು 30 ಕಿ.ಮೀ. ಸೂರ್ಯನನ್ನು ಸುತ್ತುತ್ತಲೇ ಇರುತ್ತಾನೆ. ಹಾಸನದಿಂದ ನಿಯಂತ್ರಿಸುವ, 35,786 ಕಿ.ಮೀ. ಎತ್ತರದ ಸಂಪರ್ಕ ಉಪಗ್ರಹಗಳ ಗತಿಯೂ ಅದೇ, ಒಡೆದ ಭೂಮಿಯ ಚೂರುಗಳದ್ದೂ ಅದೇ.

ಉತ್ತರದ ಪಕ್ಕದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿತ್ರ ಹಾಕಿ ‘ಗುರುತ್ವವಿಲ್ಲದ ಜಾಗ’ ಎಂದು ಬರೆದಿದ್ದೀರಿ. ಅದೂ ತಿದ್ದಬೇಕು. 400 ಕಿ.ಮೀ. ಎತ್ತರದಲ್ಲಿ ಗುರುತ್ವ 8.7 ಇದೆ, ಇಲ್ಲಿನದಕ್ಕಿಂತ ನೂರಕ್ಕೆ ಹನ್ನೊಂದರಷ್ಟು ಕಡಿಮೆ ಅಷ್ಟೆ. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದಾಗಲೂ ಆ ಕಾಳುಗಳ ಮೇಲೆ ಭೂಮಿಯ ಸೆಳೆತ ಇದ್ದೇ ಇತ್ತು. ನಿಲ್ದಾಣ, ಗಗನಯಾನಿ, ಕಾಳು ಎಲ್ಲವೂ ಜೊತೆಯಾಗಿ ಬೀಳುತ್ತಿರುವುದರಿಂದ ತೂಕ ತಿಳಿಯದು.

ನಮ್ಮ ಕೋರಿಕೆ ಎರಡು. ಒಂದು, ತಿದ್ದುಪಡಿ ಹಾಕುವಾಗ ಯಾವುದಕ್ಕೆ ಗುರುತ್ವ ಇಲ್ಲ ಎಂದು ಹಿಡಿದು ಉತ್ತರಿಸುತ್ತಿದ್ದೀರಿ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಇನ್ನೊಂದು, ಮಕ್ಕಳು ಮಾಡಿ ನೋಡುವ ಎರಡು ಪ್ರಯೋಗಗಳನ್ನು ಜೊತೆಗೆ ಕೊಡಿ.

ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯ ತಳದಿಂದ ಐದು ಸೆಂ.ಮೀ. ಮೇಲೆ 4 ಮಿ.ಮೀ. ತೂತು ಮಾಡಿ, ಬೆರಳಿನಿಂದ ಮುಚ್ಚಿ ನೀರು ತುಂಬಿ, ಮೊದಲ ಮಹಡಿಯ ಎತ್ತರದಿಂದ, ಅಂದರೆ ಸುಮಾರು 3 ಮೀಟರಿನಿಂದ, ಬಿಡಬೇಕು. ಬೀಳುವ 0.78 ಸೆಕೆಂಡು ನೀರು ಚಿಮ್ಮುವುದಿಲ್ಲ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತೆಗೆದರೆ ಚೆನ್ನಾಗಿ ಕಾಣುತ್ತದೆ. ಮುಚ್ಚಳ ತೆಗೆದಿರಲೇಬೇಕು. ಮುಚ್ಚಿದ್ದರೆ ಬಾಟಲಿ ಕೈಯಲ್ಲಿದ್ದಾಗಲೇ ನೀರು ನಿಂತುಹೋಗಿ ಪ್ರಯೋಗ ಏನನ್ನೂ ತೋರಿಸದು.

ಎರಡನೆಯದು ಉಳಿದ ಒತ್ತಡವನ್ನು ಕಣ್ಣಿಗೆ ಕಾಣಿಸುತ್ತದೆ. ಸುಮಾರು ಒಂದು ಕಿಲೊ ತೂಗುವ ಹಲಗೆ, ಅದರ ಮೇಲೆ 10 ಸೆಂ.ಮೀ. ದಪ್ಪದ ಮೆತ್ತನೆ ಫೋಮ್, ಅದರ ಮೇಲೆ ಒಂದು ಕಿಲೊ ಮರಳಿನ ಚೀಲ. ಫೋಮ್ ಮೂರು ಸೆಂ.ಮೀ.ನಷ್ಟಾದರೂ ಕುಗ್ಗಬೇಕು. ಹಲಗೆಗೆ ಒಂದು ಸ್ಕೇಲನ್ನು ನೆಟ್ಟಗೆ ಅಂಟಿಸಿ, ನಾಲ್ಕು ಮೂಲೆಗೆ ದಾರ ಕಟ್ಟಿ ಮೇಲೆ ಒಂದೇ ಗಂಟಿಗೆ ಸೇರಿಸಿ ನೇತುಹಾಕಿ, ಕೆಳಗೆ ಹಾಸಿಗೆ ಹಾಸಿ, ಗಂಟಿನ ಮೇಲೆ ದಾರ ಕತ್ತರಿಸಬೇಕು. ಬೀಳುತ್ತಿರುವಾಗಲೇ ಫೋಮ್ ಹಿಗ್ಗಿ ಚೀಲವನ್ನು ಹಲಗೆಯಿಂದ ದೂರ ತಳ್ಳುವುದು ಸ್ಕೇಲಿನ ಮೇಲೆ ಓದಲು ಸಿಗುತ್ತದೆ. ಕೈಯಿಂದ ಬಿಟ್ಟರೆ ಹಲಗೆ ವಾಲಿ ಚೀಲ ಜಾರುತ್ತದೆ. ಗಟ್ಟಿ ಫೋಮ್ ಆದರೆ ಅರ್ಧ ಸೆಂ.ಮೀ. ಮಾತ್ರ ಕುಗ್ಗಿ ಏನೂ ಕಾಣದು. ಹಲಗೆ ತೀರಾ ಹಗುರವಾಗಿದ್ದರೆ ಚೀಲ ಏಳುವ ಬದಲು ಹಲಗೆಯೇ ಕೆಳಕ್ಕೆ ಜಿಗಿಯುತ್ತದೆ. ದಾರ ಕತ್ತರಿಸುವ ಕೆಲಸ ದೊಡ್ಡವರದ್ದಾಗಲಿ, ಹಾಸಿಗೆಯ ಹತ್ತಿರ ಯಾರ ಕಾಲೂ ಇರದಂತೆ ನೋಡಿಕೊಳ್ಳಿ.

ಇತಿ,
ಭೌತಶಾಸ್ತ್ರ ಮತ್ತು ಭೂವಿಜ್ಞಾನದ ಅಧ್ಯಾಪಕರು
ಬಸವನಗುಡಿ, ಬೆಂಗಳೂರು